ಹನ್ನೊಂದು ಒಂದುಗಳು

ನನ್ನ ಗಂಡನ ಅಣ್ಣನ ಹೆಂಡತಿ ಬನಹಟ್ಟಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ, ಆಕೆ ನನ್ನನ್ನು ತಂಗಿ ಎನ್ನುತ್ತಿದ್ದಳು. ರಬಕವಿಯ ನಮ್ಮ ಮನೆಯ ಮುಂಭಾಗದಲ್ಲಿ ಪವರ್‌ಲೂಮುಗಳು, ಹಿಂಭಾಗದಲ್ಲಿ ನಾವು. ಬೆಳಗಿನಿಂದ ಸಂಜೆಯವರೆಗೆ ಮಗ್ಗಗಳ ಸದ್ದು. ಅಕ್ಕ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದಿಟ್ಟು, ಸೀರೆ ಉಟ್ಟು ಸಾಲೆಗೆ ಹೋಗಿಬಿಡುತ್ತಿದ್ದಳು. ಉಳಿದ ಮನೆಗೆಲಸ ನನ್ನದು. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ, ಸಲುಗೆಯೂ ಇರಲಿಲ್ಲ. ಆಕೆಯದು ಮಾತು ಕಡಿಮೆ. ನನಗೋ ಗಣಿತವೆಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಆ ಒಂದು ಮುಂಜಾನೆ ಮತ್ತು ಬೆವರಿದ ಅಂಗೈ. ಗಣಿತದ ಟೀಚರು ಎಂಬ ಕಾರಣಕ್ಕೇ ನಾನು ಆಕೆಯಿಂದ ಸ್ವಲ್ಪ ದೂರ ಉಳಿದಿದ್ದೆನೋ ಏನೋ. ಹೀಗೆ ಒಂದೇ ಅಡುಗೆಮನೆಯಲ್ಲಿ ಬಹಳ ವರ್ಷ ಕಳೆದೆವು.

ಆಕೆಯ ಕಾಲಿಗೆ ಬಾವು ಬರತೊಡಗಿದ್ದು ಒಂದು ದೀಪಾವಳಿಯ ಮುಂಚೆ. ದಿನವಿಡೀ ನಿಂತು ಪಾಠ ಮಾಡುತ್ತಾಳೆ, ಅದಕ್ಕೇ ಇರಬೇಕು ಎಂದುಕೊಂಡೆವು. ಆಮೇಲೆ ಮುಖ ಉಬ್ಬಿತು, ಊಟ ಸೇರಲಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು. ಭಾವ ಆಕೆಯನ್ನು ವಿಜಯಪುರಕ್ಕೆ ಕರೆದುಕೊಂಡು ಹೋದರು. ಎರಡೂ ಕಿಡ್ನಿ ಹೋಗಿವೆ ಎಂದು ಡಾಕ್ಟರು ಹೇಳಿದರಂತೆ. ರಕ್ತದೊತ್ತಡ ಬಹಳ ವರ್ಷಗಳಿಂದ ಇದ್ದು, ಯಾರಿಗೂ ಸುಳಿವು ಕೊಡದೆ ಒಳಗೇ ಕೆಲಸ ಮಾಡಿತ್ತು. ವಾಪಸು ಬಂದ ದಿನ ಭಾವ ಮಗ್ಗಗಳನ್ನು ನಿಲ್ಲಿಸಿ ಒಬ್ಬರೇ ಕೂತರು. ಅಕ್ಕ ಕೈಕಾಲು ತೊಳೆದುಕೊಂಡು ಬಂದು, ಮರುದಿನದ ಪಲ್ಯಕ್ಕೆ ಅವರೆಕಾಯಿ ಸುಲಿಯುತ್ತ ನನಗೆ ಎಲ್ಲವನ್ನೂ ಹೇಳಿದಳು, ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ.

ಕಿಡ್ನಿ ಕೊಡುವ ಮಾತು ಬಂತು. ಭಾವನಿಗೆ ಸಕ್ಕರೆ ಕಾಯಿಲೆ, ಅವರದು ನಡೆಯುವುದಿಲ್ಲ ಎಂದರು. ನನ್ನ ರಕ್ತದ ಗುಂಪು ಹೊಂದಲಿಲ್ಲ. ಅಕ್ಕನ ಒಬ್ಬನೇ ಮಗ ಸಮೀರವಾಡಿಯಲ್ಲಿ ಕೆಲಸಕ್ಕಿದ್ದ. ಅವನು ರಜೆ ಹಾಕಿ ಓಡಿ ಬಂದು, ನಾನು ಕೊಡುತ್ತೇನೆ ಎಂದು ಹಟ ಹಿಡಿದ. ಅಕ್ಕ ಅವನನ್ನು ಪರೀಕ್ಷೆಗೂ ಕಳಿಸಲಿಲ್ಲ. ಭಾವ ಬೈದರು, ಮಗ ಅತ್ತ, ನಾನು ಕೈ ಹಿಡಿದು ಕೇಳಿದೆ.

"ಅವನ್ನ ನಾ ಹಡದೀನಿ ತಂಗಿ. ಅವನ ಮೈಯಾಗಿಂದು ತಿರುಗಿ ಇಸಗೊಳ್ಳಾಕ ಅಲ್ಲ," ಎಂದಳು. ಆ ವಿಷಯ ಅಲ್ಲಿಗೆ ಮುಗಿಯಿತು.

ಹಾಗಾಗಿ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ಸಲ ಜಮಖಂಡಿಗೆ ಹೋಗಬೇಕು. ಒಂದೊಂದು ಸಲಕ್ಕೆ ನಾಲ್ಕು ತಾಸು ಮಲಗಬೇಕು. ಮೊದಲ ದಿನ ಭಾವ ಜೊತೆಗೆ ಹೋಗಿದ್ದರು. ಕೊಳವೆಗಳಲ್ಲಿ ಹೆಂಡತಿಯ ರಕ್ತ ಹೊರಗೆ ಬಂದು ಯಂತ್ರ ಸುತ್ತುವುದನ್ನು ಕಂಡು ಅಲ್ಲೇ ಕುಸಿದುಬಿದ್ದರಂತೆ. ಸಿಸ್ಟರು ಅವರಿಗೇ ಮೊದಲು ಉಪಚಾರ ಮಾಡಬೇಕಾಯಿತು. ಆಮೇಲಿನಿಂದ ನಾನು ಹೋಗತೊಡಗಿದೆ.

ಬೆಳಗಿನ ಬಸ್ಸು ಹಿಡಿದು ಬನಹಟ್ಟಿ ದಾಟಿ ಹೋಗುತ್ತಿದ್ದೆವು. ಕಬ್ಬಿನ ಹಂಗಾಮು ಇದ್ದರೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಅಕ್ಕ ಕಿಟಕಿ ಕಡೆ, ನಾನು ಈ ಕಡೆ. ಆಸ್ಪತ್ರೆಯಲ್ಲಿ ಮೊದಲು ತೂಕ ನೋಡುತ್ತಿದ್ದರು. ಹಿಂದಿನ ಸಲದಿಂದ ಏರಿದ ತೂಕವೆಲ್ಲ ಮೈಯಲ್ಲಿ ನಿಂತ ನೀರು. ಎಡಗೈಗೆ ಎರಡು ದಪ್ಪ ಸೂಜಿ ಚುಚ್ಚುತ್ತಿದ್ದರು. ಸೂಜಿಗೆಂದೇ ಆಪರೇಷನ್ ಮಾಡಿ ಎರಡು ರಕ್ತನಾಳ ಜೋಡಿಸಿದ ಆ ಜಾಗ ಉಬ್ಬಿಕೊಂಡಿತ್ತು. ಮೇಲೆ ಬೆರಳಿಟ್ಟರೆ ಒಳಗೆ ಜುಮ್ ಎಂದು ಸದಾ ನಡುಗುತ್ತಿತ್ತು. ಅದು ನಡುಗುತ್ತಿರುವತನಕ ಚಿಂತೆಯಿಲ್ಲ ಎಂದು ಸಿಸ್ಟರು ಹೇಳಿದ್ದರಿಂದ ನಾನು ಬಸ್ಸಿನಲ್ಲೂ ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ಮೊದಮೊದಲು ಆ ನಾಲ್ಕು ತಾಸು ಕಳೆಯುವುದೇ ಕಷ್ಟವಾಗುತ್ತಿತ್ತು. ನಾನು ಸ್ಟೂಲಿನ ಮೇಲೆ ಕೂತು ಆಕೆಯ ಕಾಲು ಒತ್ತುತ್ತಿದ್ದೆ. ಆಕೆ ಸೂರು ನೋಡುತ್ತಿದ್ದಳು. ಮನೆಯ ಸುದ್ದಿಯೆಲ್ಲ ಬಸ್ಸಿನಲ್ಲೇ ಮುಗಿದಿರುತ್ತಿತ್ತು. ಒಂದು ದಿನ ಆಕೆ ಯಂತ್ರದ ಪರದೆಯಲ್ಲಿದ್ದ ಗಡಿಯಾರವನ್ನೇ ದಿಟ್ಟಿಸುತ್ತಿದ್ದಳು. ಹನ್ನೊಂದು ಗಂಟೆ ಹನ್ನೊಂದು ನಿಮಿಷವಾಗಿತ್ತು.

"ನಾಕು ಒಂದು," ಎಂದಳು. "ಇದು ಹನ್ನೊಂದರಿಂದ ಭಾಗ ಹೋಗತೈತಿ ನೋಡು. ನೂರಾ ಒಂದು ಬರತೈತಿ."

ನಾನು ಸುಮ್ಮನೆ ಹೂಂ ಎಂದೆ. ಆಕೆ ಬಿಡಲಿಲ್ಲ. ಮೂರು ಒಂದು ಬರೆದರೆ, ನೂರಾ ಹನ್ನೊಂದು, ಮೂರರಿಂದ ಭಾಗ ಹೋಗುತ್ತದೆ. ಆರು ಒಂದು ಬರೆದರೆ ನೂರಾ ಹನ್ನೊಂದೇ ಎರಡು ಸಲ ಬಂದಂತೆ, ಹಾಗಾಗಿ ಅದೂ ಹೋಗುತ್ತದೆ. ಒಂದುಗಳನ್ನು ಸಮ ಸಮ ಗುಂಪು ಮಾಡಲು ಬಂದರೆ ಆ ಸಂಖ್ಯೆ ಭಾಗ ಹೋಗಿಯೇ ತೀರುತ್ತದೆ. ಕೇಳಬೇಕಾದದ್ದು ಗುಂಪು ಮಾಡಲು ಬಾರದವುಗಳನ್ನು ಮಾತ್ರ: ಎರಡು, ಮೂರು, ಐದು, ಏಳು, ಹನ್ನೊಂದು. ಎರಡು ಒಂದು ಎಂದರೆ ಹನ್ನೊಂದು, ಅದನ್ನು ಯಾವುದೂ ಭಾಗಿಸುವುದಿಲ್ಲ. ಉಳಿದವು? ಅಕ್ಕ ಇದನ್ನೆಲ್ಲ ಹೇಳುವಾಗ ದನಿ ಬದಲಾಗಿತ್ತು. ಬಹಳ ತಿಂಗಳ ಮೇಲೆ ಸಾಲೆಯ ದನಿ ಕೇಳಿಸಿತು. ಅದು ನಿಲ್ಲಬಾರದು ಎಂಬ ಒಂದೇ ಆಸೆಯಿಂದ ನಾನು, ಹಾಗಾದರೆ ಐದು ಒಂದು ಭಾಗ ಹೋಗುತ್ತದೆಯೇ ಎಂದು ಕೇಳಿದೆ.

ಮುಂದಿನ ಸಲ ಜಮಖಂಡಿ ಬಜಾರಿನಲ್ಲಿ ಒಂದು ಪಾಟಿ, ಒಂದು ಡಬ್ಬಿ ಬಳಪ ಕೊಂಡೆ. ಅಕ್ಕನ ಬಲಗೈ ಬಿಡುವಾಗಿಯೇ ಇರುತ್ತಿತ್ತು. ಸಿಸ್ಟರು ಮೊದಲು ಬೇಡವೆಂದರು, ಬಳಪದ ಧೂಳು ಆಗುತ್ತದೆ ಎಂದರು. ಹಸಿ ಬಟ್ಟೆಯಿಂದ ಒರೆಸುತ್ತೇವೆ ಎಂದು ಮಾತು ಕೊಟ್ಟ ಮೇಲೆ ಒಪ್ಪಿದರು. ಅವರು ಮುಧೋಳದ ಕಡೆಯವರು. ಸೂಜಿ ಚುಚ್ಚುವಾಗ ರೋಗಿಗಿಂತ ತಾವೇ ಹೆಚ್ಚು ಮುಖ ಕಿವುಚುತ್ತಿದ್ದರು.

ಐದು ಒಂದನ್ನು ನಲವತ್ತೊಂದು ಭಾಗಿಸಿತು. ಏಳು ಒಂದಕ್ಕೆ ಒಂದು ಇಡೀ ಬೆಳಗು ಬೇಕಾಯಿತು. ಅದು ಇನ್ನೂರಾ ಮೂವತ್ತೊಂಬತ್ತರಿಂದ ಭಾಗ ಹೋಯಿತು. ಭಾಗಾಕಾರ ಮಾಡಿದ್ದು ನಾನೇ. ಕೊನೆಗೆ ಸೊನ್ನೆ ಉಳಿದಾಗ ನನಗಾದ ಖುಷಿಯನ್ನು ಹೇಳಲು ನಾಚಿಕೆ. ಬಸ್ಸಿನಲ್ಲಿ ಬರುವಾಗ ಟಿಕೇಟಿನ ಹಿಂದೆ ಇನ್ನೊಮ್ಮೆ ಮಾಡಿ ನೋಡಿದೆ.

ಮುಂದಿನದು ಹನ್ನೊಂದು ಒಂದು. ಓದಿ ಹೇಳಿದರೆ, ಸಾವಿರದ ನೂರಾ ಹನ್ನೊಂದು ಕೋಟಿ ಹನ್ನೊಂದು ಲಕ್ಷ ಹನ್ನೊಂದು ಸಾವಿರದ ನೂರಾ ಹನ್ನೊಂದು. ಇದರ ಉತ್ತರ ಅಕ್ಕನಿಗೂ ಗೊತ್ತಿರಲಿಲ್ಲ. ಬಿ.ಎಸ್ಸಿ ಓದುವಾಗ ಎಲ್ಲೋ ನೋಡಿದ್ದೆ, ಮರೆತುಹೋಗಿದೆ ಎಂದಳು. ನನ್ನ ಮಗಳು ಮೊಬೈಲಿನಲ್ಲಿ ಒಂದೇ ಗಳಿಗೆಯಲ್ಲಿ ಹೇಳಿಬಿಡುತ್ತಿದ್ದಳು. ಅಕ್ಕ ಬೇಡವೆಂದಳು. ಯಂತ್ರ ನನ್ನ ರಕ್ತ ತೊಳೆಯುತ್ತದೆ, ಲೆಕ್ಕವನ್ನಾದರೂ ನಾವು ಮಾಡೋಣ ಎಂದಳು.

ಸಿಕ್ಕ ಸಿಕ್ಕ ಸಂಖ್ಯೆಯಿಂದ ಭಾಗಿಸುತ್ತ ಹೋಗಬೇಕಿರಲಿಲ್ಲ. ಅದಕ್ಕೊಂದು ನಿಯಮವಿತ್ತು. ಹನ್ನೊಂದು ಒಂದುಗಳನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆ ಯಾವುದೇ ಇರಲಿ, ಅದನ್ನು ಇಪ್ಪತ್ತೆರಡರಿಂದ ಭಾಗಿಸಿದರೆ ಒಂದು ಉಳಿಯಲೇಬೇಕು. ಯಾಕೆ ಎನ್ನುವುದನ್ನು ಅಕ್ಕ ಎರಡು ಸಲ ವಿವರಿಸಿದಳು. ಮೊದಲ ಸಲ ತಿಳಿಯಲಿಲ್ಲ, ಎರಡನೆಯ ಸಲ ತಿಳಿದಂತಾಯಿತು, ಈಗ ಮತ್ತೆ ಮರೆತಿದೆ. ಇಪ್ಪತ್ಮೂರು, ನಲವತ್ತೈದು, ಅರವತ್ತೇಳು, ಎಂಬತ್ತೊಂಬತ್ತು, ಹೀಗೆ ಇಪ್ಪತ್ತೆರಡರ ಮೆಟ್ಟಿಲು ಹತ್ತುತ್ತ ಹೋಗಬೇಕು. ನಲವತ್ತೈದರಂಥ, ತಾವೇ ಭಾಗ ಹೋಗುವಂಥವನ್ನು ಬಿಡಬೇಕು. ಒಂದು ಲಕ್ಷ ಐದು ಸಾವಿರ ಚಿಲ್ಲರೆಯವರೆಗೂ ಯಾವುದೂ ಭಾಗಿಸದಿದ್ದರೆ ಮುಂದೆ ನೋಡುವುದೇ ಬೇಡ, ಅದು ಅವಿಭಾಜ್ಯವೆಂದೇ ಅರ್ಥ. ಮುಂದೆ ಬರುವ ಮೆಟ್ಟಿಲುಗಳಲ್ಲಿ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ಅಕ್ಕ ಕಣ್ಣು ಮುಚ್ಚಿಕೊಂಡು ಯೋಚಿಸಿ ಹೇಳುತ್ತಿದ್ದಳು. ನಾನು ಭಾಗಿಸಿ, ಉಳಿದದ್ದನ್ನು ಹೇಳಿ, ಪಾಟಿ ಒರೆಸುತ್ತಿದ್ದೆ. ಇಪ್ಪತ್ಮೂರರಿಂದ ಭಾಗಿಸಿದಾಗ ಹತ್ತು ಉಳಿಯಿತು. ಅರವತ್ತೇಳರಿಂದ ಹದಿನೆಂಟು. ಹಾಗೆ ಶುರುವಾಯಿತು.

ಪಕ್ಕದ ಮಂಚದಲ್ಲಿ ಗಲಗಲಿಯ ಒಬ್ಬ ಹಿರಿಯರು ಮಲಗುತ್ತಿದ್ದರು. ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. ಹೊಳೆಯ ದಂಡೆಗೇ ಅವರ ಕಬ್ಬಿನ ಹೊಲ, ಹೊಲದಲ್ಲೇ ಮನೆ. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಕಟ್ಟು ಹಾಕಿದ್ದರಲ್ಲ, ಆ ಕಟ್ಟು ಅಕ್ಕನಿಗಿಂತ ಅವರನ್ನು ಹೆಚ್ಚು ಕಾಡುತ್ತಿತ್ತು. ಅಕ್ಕ ಫ್ರಿಜ್ಜಿನ ಬರ್ಫಿನ ಚೂರೊಂದನ್ನು ಬಾಯಲ್ಲಿಟ್ಟುಕೊಂಡು ಅದು ಕರಗುವತನಕ ಸುಮ್ಮನಿರುತ್ತಿದ್ದಳು. ಬೇಸಿಗೆಯಲ್ಲಿ ರಬಕವಿಯ ಬಿಸಿಲಿಗೆ ಆಕೆಯ ತುಟಿ ಒಡೆದು ರಕ್ತ ಬರುತ್ತಿತ್ತು, ಆದರೂ ನೀರು ಕೇಳುತ್ತಿರಲಿಲ್ಲ. ಕಾಕಾ ಮಾತ್ರ ಬಂದವರ ಮುಂದೆಲ್ಲ ನೀರಿನ ಮಾತೇ ಆಡುತ್ತಿದ್ದರು.

"ಬಾಗಲಾ ತಗದ್ರ ಹೊಳಿ ಕಾಣತೈತ್ರಿ. ಹೊಲಕ್ಕ ಬೇಕಾದಷ್ಟು ನೀರ ಹಾಸತೇನಿ. ನನಗ ಒಂದು ತಂಬಗಿ ಕುಡ್ಯಾಕ ಇಲ್ಲ," ಎನ್ನುತ್ತಿದ್ದರು.

ನಾವು ಪಾಟಿಯ ಮೇಲೆ ಏನು ಮಾಡುತ್ತೇವೆ ಎಂದು ಅವರು ಕೆಲವು ದಿನ ನೋಡಿದರು, ಆಮೇಲೆ ಕೇಳಿದರು. ಅಕ್ಕ ಹೇಳಿದಳು. ಅವರಿಗೆ ಅದು ವಿಚಿತ್ರವೆನಿಸಲಿಲ್ಲ. ಅಂದಿನಿಂದ ಪ್ರತಿ ಸಲ ಸೂಜಿ ಚುಚ್ಚಿಸಿಕೊಂಡು ನೋವು ಇಳಿದ ಮೇಲೆ ಈ ಕಡೆ ತಿರುಗಿ, ಭಾಗ ಹೋಯಿತೇ ಎಂದು ವಿಚಾರಿಸುತ್ತಿದ್ದರು. ಇಲ್ಲವೆಂದರೆ, ಗಟ್ಟಿ ಸಂಖ್ಯೆ ಅದು, ಹೋಗುವುದಿಲ್ಲ ಬಿಡಿ ಎನ್ನುತ್ತಿದ್ದರು. ಅದು ಹೋಗಬಾರದು ಎಂದೇ ಅವರ ಆಸೆಯಿದ್ದಂತಿತ್ತು. ಅಕ್ಕನ ಆಸೆ ಏನಿತ್ತೋ ಆಕೆ ಹೇಳಲಿಲ್ಲ.

ಎಲ್ಲ ದಿನವೂ ಲೆಕ್ಕ ಆಗುತ್ತಿರಲಿಲ್ಲ. ಕೆಲವೊಮ್ಮೆ ಒಮ್ಮೆಲೇ ರಕ್ತದೊತ್ತಡ ಇಳಿದು ಅಕ್ಕನ ಕಣ್ಣು ಮೇಲಕ್ಕೆ ಹೋಗುತ್ತಿತ್ತು, ಯಂತ್ರ ಕೂಗಿಕೊಳ್ಳುತ್ತಿತ್ತು, ಸಿಸ್ಟರು ಓಡಿ ಬಂದು ಮಂಚದ ಕಾಲಿನ ಕಡೆ ಎತ್ತರಿಸುತ್ತಿದ್ದರು. ಕೆಲವೊಮ್ಮೆ ಮೀನಖಂಡ ಸೆಟೆದು ಕಲ್ಲಿನಂತಾಗುತ್ತಿತ್ತು. ಆಗ ನಾನು ಎರಡೂ ಕೈಯಿಂದ ಪಾದವನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತಿದ್ದೆ. ಆಕೆ ಹಲ್ಲು ಕಚ್ಚಿಕೊಂಡು, ಚೀರದೆ, ಮುಂದಿನ ಸಂಖ್ಯೆ ಯಾವುದೆಂದು ಹೇಳಲು ನೋಡುತ್ತಿದ್ದಳು. ಇವತ್ತು ಬೇಡ ಅಕ್ಕಾ ಎಂದರೆ ಕೇಳುತ್ತಿರಲಿಲ್ಲ. ಸಾಲೆಗೆ ಹೋಗುವುದನ್ನು ಬಿಟ್ಟಾಗಿತ್ತು. ಸಾಲೆಯ ಮಕ್ಕಳು ನೋಡಲು ಬಂದರೆ ಮುಖ ಉಬ್ಬಿದೆ ಎಂದು ಒಳಗಿನಿಂದಲೇ ಮಾತಾಡಿಸಿ ಕಳಿಸುತ್ತಿದ್ದಳು. ಆಕೆಗೆ ಉಳಿದಿದ್ದ ವಿದ್ಯಾರ್ಥಿನಿ ನಾನೊಬ್ಬಳೇ.

ಮಳೆಗಾಲದ ಹೊತ್ತಿಗೆ ಒಂಬತ್ತು ಸಾವಿರದ ಒಂಬೈನೂರಾ ಒಂದಕ್ಕೆ ಬಂದಿದ್ದೆವು. ಅಕ್ಕನಿಗೆ ತೂಕಡಿಕೆ ಬಂದಿತ್ತು. ನಾನು ಭಾಗಿಸುತ್ತ ಹೋದೆ, ಕೊನೆಗೆ ಏನೂ ಉಳಿಯಲಿಲ್ಲ. ಮತ್ತೊಮ್ಮೆ ಮೇಲಿನಿಂದ ನೋಡಿದೆ, ಎಲ್ಲವೂ ಸರಿಯಿತ್ತು. ಅಕ್ಕನ ಭುಜ ಅಲುಗಿಸಿ, ಹೋತು ಅಕ್ಕಾ ಎಂದೆ. ಕಾಕಾ ಕೂಡ ತಲೆಯೆತ್ತಿದರು. ಸಿಸ್ಟರು ಬಂದು ಪಾಟಿ ನೋಡಿದರು. ಭಾಗಲಬ್ಧ ೧೧೨೨೨೨೧೧ ಎಂದು ಬಂದಿತ್ತು, ಹಿಂದಿನಿಂದ ಓದಿದರೂ ಅದೇ. ಅಕ್ಕ ಪಾಟಿಯನ್ನು ಎದೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಮೇಲಿನ ಸಾಲಿನ ಒಂದುಗಳನ್ನು ಬೆರಳಿಟ್ಟು ಎಣಿಸಿದಳು. ಹನ್ನೆರಡು ಇದ್ದವು.

"ನೀ ಭಾಗಾಕಾರ ಛಲೋನ ಮಾಡೀದಿ," ಎಂದಳು. "ಒಂದು ಹೆಚ್ಚಿಗಿ ಬರದೀ, ಅಷ್ಟ."

ಹಾಗೆಂದು ನಗತೊಡಗಿದಳು. ಹನ್ನೆರಡು ಒಂದನ್ನು ಈ ಸಂಖ್ಯೆ ನಿಜವಾಗಿಯೂ ಭಾಗಿಸುತ್ತದೆ, ತಪ್ಪಿನಲ್ಲೂ ಎಂಥ ಚಂದದ್ದನ್ನು ಹುಡುಕಿದೆ ಎಂದು ನಗುತ್ತಲೇ ಹೇಳಿದಳು. ನಗುವಿಗೆ ಕೈ ಅಲುಗಿ ಯಂತ್ರ ಕೂಗಿತು, ಸಿಸ್ಟರು ಬೈದರು. ಕಾಕಾ ಮಾತ್ರ, ನಾ ಹೇಳಿರಲಿಲ್ಲವೇ ಅದು ಹೋಗುವುದಿಲ್ಲ ಎಂದು, ಎಂದು ಸಮಾಧಾನಪಟ್ಟರು. ಅಕ್ಕ ಹಾಗೆ ಮೈಮರೆತು ನಕ್ಕದ್ದನ್ನು ನಾನು ಮತ್ತೆ ಕಾಣಲಿಲ್ಲ.

ಸ್ವಲ್ಪ ದಿನಕ್ಕೆ ಒಂದು ಬೆಳಗು ಕಾಕಾನ ಮಂಚ ಖಾಲಿ ಇತ್ತು. ಬಸ್ಸು ತಡವಾಗಿರಬೇಕು ಎಂದುಕೊಂಡೆವು. ಹೊಳೆ ತುಂಬಿ ಬಂದಿದ್ದ ದಿನಗಳು. ಸಿಸ್ಟರು ನಮ್ಮ ಕಡೆ ನೋಡದೆ ಕೊಳವೆ ಜೋಡಿಸುತ್ತ ಹೇಳಿದರು. ಹಿಂದಿನ ದಿನ ಮನೆಯಲ್ಲಿ ಯಾರೂ ಇಲ್ಲದಾಗ ಅವರು ಹೊಟ್ಟೆ ತುಂಬ ನೀರು ಕುಡಿದಿದ್ದರಂತೆ. ಸಂಜೆಗೆ ಉಸಿರು ಕಟ್ಟತೊಡಗಿತು, ಗಾಡಿಯಲ್ಲಿ ಹಾಕಿಕೊಂಡು ಬರುವಾಗ ಅರ್ಧ ದಾರಿಯಲ್ಲೇ ಮುಗಿಯಿತು. ನಾನು ಪಾಟಿ ತೆಗೆದಾಗ ಅಕ್ಕ ಬೇಡವೆಂದು ತಲೆಯಾಡಿಸಿದಳು. ಸಿಸ್ಟರು ಸೂಜಿ ತೆಗೆಯುವಾಗ, ಕುಡಿದಾಗ ಅವರಿಗೆ ಎಷ್ಟು ಹಿತವಾಗಿತ್ತೋ ಎಂದಳು. ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು. ಮನೆಗೆ ಬಂದ ಮೇಲೆ ನೀರಿನ ಬಿಂದಿಗೆಗಳನ್ನೆಲ್ಲ ನನ್ನ ಕೋಣೆಗೆ ಸಾಗಿಸಿದೆ. ಅಕ್ಕ ನೋಡಿದಳು. ಎರಡು ದಿನದ ಮೇಲೆ ನನಗೇ ನಾಚಿಕೆಯೆನಿಸಿ ಅವನ್ನು ಮತ್ತೆ ಅಡುಗೆಮನೆಯಲ್ಲಿಟ್ಟೆ.

ಆ ಮಂಚಕ್ಕೆ ಬೀಳಗಿಯ ಕಡೆಯ ಒಬ್ಬ ಹೆಣ್ಣುಮಗಳು ಬಂದಳು. ಆಕೆ ಸದಾ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ನಾವು ಮತ್ತೆ ಲೆಕ್ಕ ಶುರು ಮಾಡಿದೆವು. ಸಂಖ್ಯೆಗಳು ದೊಡ್ಡವಾಗಿದ್ದವು, ಭಾಗಲಬ್ಧದ ಒಂದೊಂದು ಅಂಕಿ ಊಹಿಸಲೂ ಬಹಳ ಹೊತ್ತು ಹಿಡಿಯುತ್ತಿತ್ತು. ಅಕ್ಕನಿಗೆ ಯಾವ ಸಂಖ್ಯೆಯನ್ನು ಬಿಡಬೇಕು ಎನ್ನುವುದು ಮೊದಲಿನಷ್ಟು ಬೇಗ ಹೊಳೆಯುತ್ತಿರಲಿಲ್ಲ. ಒಮ್ಮೊಮ್ಮೆ ಹೇಳಿದ್ದನ್ನೇ ಹೇಳುತ್ತಿದ್ದಳು. ನಾನು ತಿದ್ದುತ್ತಿರಲಿಲ್ಲ, ಮತ್ತೊಮ್ಮೆ ಭಾಗಿಸುತ್ತಿದ್ದೆ. ಚಳಿಗಾಲ ಬಂತು. ಕಬ್ಬಿನ ಟ್ರೇಲರುಗಳು ಮತ್ತೆ ರಸ್ತೆಗಿಳಿದವು.

ಅದು ಭಾಗ ಹೋದ ದಿನ ವಿಶೇಷವೇನೂ ಇರಲಿಲ್ಲ. ಅಕ್ಕನಿಗೆ ಸಣ್ಣಗೆ ಜ್ವರವಿತ್ತು. ಇಪ್ಪತ್ತೊಂದು ಸಾವಿರದ ಆರುನೂರಾ ನಲವತ್ತೊಂಬತ್ತರಿಂದ ಭಾಗಿಸುತ್ತಿದ್ದೆ. ಕೊನೆಯ ಕಳೆಯುವಿಕೆಯಲ್ಲಿ ಮೇಲೂ ಕೆಳಗೂ ಒಂದೇ ಅಂಕಿಗಳು ಬಂದವು. ನಾನು ಮೊದಲು ಮಾಡಿದ ಕೆಲಸವೆಂದರೆ ಒಂದುಗಳನ್ನು ಎಣಿಸಿದ್ದು. ಹನ್ನೊಂದೇ ಇದ್ದವು. ಪಾಟಿ ಒರೆಸಿ ಮತ್ತೆ ಮಾಡಿದೆ. ಮತ್ತೆ ಸೊನ್ನೆ. ಈ ಸಲ ಕೂಗಲಿಲ್ಲ. ಅಕ್ಕನ ಕೈಗೆ ಪಾಟಿ ಕೊಟ್ಟೆ.

ಆಕೆ ಗುಣಿಸಿ ನೋಡುತ್ತೇನೆ ಎಂದಳು. ೫೧೩೨೩೯ ಎಂದು ಮೇಲೆ, ೨೧೬೪೯ ಎಂದು ಕೆಳಗೆ ಬರೆದಳು. ಅಂಕಿಗಳು ಸಾಲು ತಪ್ಪುತ್ತಿದ್ದವು. ಆದರೂ ಬಳಪ ನನ್ನ ಕೈಗೆ ಕೊಡಲಿಲ್ಲ. ಕೂಡಿಸುವಾಗ ಬಲಗಡೆಯಿಂದ ಒಂದೊಂದಾಗಿ ಒಂದುಗಳು ಬೀಳತೊಡಗಿದವು. ಒಂದು, ಒಂದು, ಮತ್ತೆ ಒಂದು. ಕೊನೆಯ ಒಂದನ್ನು ಬರೆದು ಆಕೆ ಬಳಪ ಕೆಳಗಿಟ್ಟಳು.

ಈ ಎರಡರಲ್ಲಿ ದೊಡ್ಡದು ಮತ್ತೆ ಭಾಗ ಹೋಗುತ್ತದೋ ಏನೋ ಎಂದು ಕೇಳಿದೆ. ಇನ್ನೂ ಸ್ವಲ್ಪ ಕೆಲಸ ಉಳಿದಿರಲಿ ಎಂದೇ ಕೇಳಿದೆ. ಇಲ್ಲ ಎಂದಳು. ಅದು ಭಾಗ ಹೋಗುವುದಾದರೆ ಅದರ ಭಾಜಕ ಏಳುನೂರಾ ಚಿಲ್ಲರೆಯೊಳಗೇ ಇರಬೇಕು. ಅದನ್ನು ಭಾಗಿಸುವುದು ಹನ್ನೊಂದು ಒಂದನ್ನೂ ಭಾಗಿಸಬೇಕಾಗುತ್ತದೆ. ಅವನ್ನೆಲ್ಲ ನಾವು ಹೋದ ವರ್ಷವೇ ನೋಡಿ ಮುಗಿಸಿದ್ದೇವೆ. ಹಾಗಾಗಿ ಎರಡೂ ಅವಿಭಾಜ್ಯ. ಇಷ್ಟನ್ನು ಕ್ಲಾಸಿನಲ್ಲಿ ಹೇಳುವಂತೆ ಹೇಳಿ ಮುಗಿಸಿದಳು. ಮುಗಿಸಿದ ಮೇಲೆ ಆಕೆಯ ಮುಖ ನೋಡಿದೆ. ಅಲ್ಲಿ ಸಂತೋಷವಿತ್ತು, ಇಲ್ಲವೆನ್ನಲಾರೆ. ಆದರೆ ಅದು ನಿಲ್ಲಲಿಲ್ಲ.

"ಮುಗೀತಲ್ಲ ತಂಗಿ," ಎಂದಳು. "ಇನ್ನೂ ದೂರ ಐತಿ ಅಂದಕೊಂಡಿದ್ದೆ."

ನಾನು ಪಾಟಿಯ ಬಟ್ಟೆ ಹಸಿ ಮಾಡಿಕೊಂಡು ಬರುವ ನೆಪ ಹೇಳಿ ಹೊರಗೆ ಹೋಗಿ, ಆಸ್ಪತ್ರೆಯ ಹಿಂದಿನ ಬೇವಿನ ಮರದ ಕೆಳಗೆ ನಿಂತು ಅತ್ತೆ.

ಹದಿಮೂರು ಒಂದು ನಮ್ಮನ್ನು ಹೆಚ್ಚು ಹೊತ್ತು ಇರಗೊಡಲಿಲ್ಲ. ಐವತ್ಮೂರು ಎಂದು ಬರೆದು ಭಾಗಿಸಿದ್ದೇ ತಡ, ಹೋಗಿಬಿಟ್ಟಿತು. ಅಕ್ಕ ಅದನ್ನು ಕಂಡು ಬೇಸರದಿಂದ ಪಾಟಿ ತಳ್ಳಿದಳು. ಮುಂದೆ ಹದಿನೇಳು ಒಂದು. ಇದು ಬೇಗ ಮುಗಿಯದಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಮೆಟ್ಟಿಲು ಈಗ ಮೂವತ್ನಾಲ್ಕರದ್ದು. ನೂರಾ ಮೂರರಿಂದ ಶುರುವಾಯಿತು, ಒಂದಾದ ಮೇಲೊಂದು ದಾಟುತ್ತ ಹೋದವು, ಯಾವುದೂ ಭಾಗಿಸಲಿಲ್ಲ. ನನಗೆ ನೆಮ್ಮದಿಯೆನಿಸಿತು. ಅಕ್ಕ ಈಗ ಬರೆಯುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು, ಏನು ಉಳಿಯಿತು ಎಂದು ಮಾತ್ರ ವಿಚಾರಿಸುತ್ತಿದ್ದಳು.

ಬೇಸಿಗೆಯ ಮೊದಲಲ್ಲಿ ಜ್ವರ ಏರಿತು. ರಕ್ತದಲ್ಲಿ ನಂಜಾಗಿದೆ ಎಂದು ವಿಜಯಪುರಕ್ಕೆ ಕರೆದುಕೊಂಡು ಹೋದರು. ನನ್ನ ಮಗಳ ಪರೀಕ್ಷೆ ನಡೆದಿತ್ತು. ನಾನು ಉಳಿದೆ, ಭಾವ ಮತ್ತು ಅಕ್ಕನ ಮಗ ಹೋದರು. ಗಾಡಿ ಹತ್ತುವಾಗ ಅಕ್ಕ ನನ್ನ ಕಡೆ ನೋಡಿ, ರೊಟ್ಟಿ ಹಿಟ್ಟು ಮುಗಿದಿದೆ, ಗಿರಣಿಗೆ ಕಳಿಸು ಎಂದಳು. ಅದೇ ಕೊನೆಯ ಮಾತು. ಮೂರನೆಯ ದಿನ ಮಧ್ಯಾಹ್ನ ಮಗ ಫೋನು ಮಾಡಿದ. ನನ್ನ ಗಂಡ ಒಂದೊಂದೇ ಮಗ್ಗದ ಗುಂಡಿ ಒತ್ತುತ್ತ ಹೋದದ್ದು, ಮನೆ ಪೂರ್ತಿ ನಿಶ್ಶಬ್ದವಾದದ್ದು ನೆನಪಿದೆ. ಹೈಸ್ಕೂಲಿನ ಮಕ್ಕಳು ಓಣಿಯ ತುಂಬ ನಿಂತಿದ್ದರು. ಆಕೆಯನ್ನು ಮನೆಗೆ ತಂದಾಗ ನಾನು ಅಭ್ಯಾಸದಂತೆ ಎಡಗೈಯ ಆ ಜಾಗ ಮುಟ್ಟಿದೆ. ಅಲ್ಲಿ ಏನೂ ನಡುಗುತ್ತಿರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ದಿನ ಮಗಳ ಮೊಬೈಲು ಇಸಿದುಕೊಂಡು ಹದಿನೇಳು ಒಂದುಗಳನ್ನು ಹಾಕಿ ನೋಡಿದೆ. ಅದೂ ಭಾಗ ಹೋಗುತ್ತದೆ. ಆದರೆ ಅದನ್ನು ಭಾಗಿಸುವ ಚಿಕ್ಕ ಸಂಖ್ಯೆಯೇ ಇಪ್ಪತ್ತು ಲಕ್ಷ ಎಪ್ಪತ್ತೊಂದು ಸಾವಿರದ ಏಳುನೂರಾ ಇಪ್ಪತ್ಮೂರು. ನಾವು ಬಂದು ನಿಂತದ್ದು ಮೂರು ಸಾವಿರದ ಆಸುಪಾಸಿನಲ್ಲಿ. ಆಕೆ ಎಷ್ಟು ವರ್ಷ ಬದುಕಿದ್ದರೂ ನಮ್ಮ ಕೈಗೆ ಅದು ಸಿಗುತ್ತಿರಲಿಲ್ಲ. ಅದನ್ನು ತಿಳಿದು ದುಃಖ ಹೆಚ್ಚಿತೋ ಕಡಿಮೆಯಾಯಿತೋ ನನಗೆ ಗೊತ್ತಿಲ್ಲ. ಮೊಬೈಲು ಮಗಳಿಗೆ ಕೊಟ್ಟು ಅಡುಗೆಗೆ ಎದ್ದೆ.

ಭಾವ ನನ್ನ ಜೊತೆ ನೇರವಾಗಿ ಮಾತಾಡಿದ್ದು ಕಡಿಮೆ. ನಮ್ಮ ಮನೆಗಳಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ರೂಢಿಯಿಲ್ಲ. ಬೇಕಾದದ್ದನ್ನು ಮಕ್ಕಳ ಕೈಯಲ್ಲಿ ಹೇಳಿ ಕಳಿಸುತ್ತೇವೆ. ಆ ಮಳೆಗಾಲದ ಒಂದು ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು. ಭಾವ ಅಡುಗೆಮನೆಯ ಬಾಗಿಲಿಗೆ ಬಂದು ಹೊಸ್ತಿಲಾಚೆಯೇ ಕೂತರು. ನಾನು ಸೆರಗು ಎಳೆದುಕೊಂಡು ಎದ್ದು ನಿಂತೆ. ಕೂಡು ಎಂದರು. ನೆಲ ನೋಡುತ್ತಲೇ ಕೇಳಿದರು.

"ವಿಜಾಪುರದಾಗ ಕಡೀ ದಿನ ಅಕಿ ಹಾಸಿಗಿ ಮ್ಯಾಲೆ ಬೆರಳಿನಿಂದ ಏನೋ ಬರಿಯಾಕತ್ತಿದ್ಲವ್ವಾ. ಬರಿಯೂದು, ಅಂಗೈಲೆ ಒರಸೂದು. ನನಗ ತಿಳೀಲಿಲ್ಲ. ನಿನಗ ತಿಳೀತಿತ್ತೇನೋ."

ನಾನು ಎಲ್ಲವನ್ನೂ ಹೇಳಿದೆ. ಗಡಿಯಾರದಿಂದ ಹಿಡಿದು, ಗಲಗಲಿಯ ಕಾಕಾ, ಹನ್ನೆರಡು ಒಂದು ಬರೆದ ದಿನ ಅಕ್ಕ ನಕ್ಕದ್ದು, ಕೊನೆಗೆ ಅದು ಭಾಗ ಹೋದದ್ದು. ಆಕೆ ಇದನ್ನು ಮನೆಯಲ್ಲಿ ಹೇಳಿರಲಿಲ್ಲವೆಂದು ನನಗೆ ಆಗಲೇ ಗೊತ್ತಾದದ್ದು. ಭಾವ, ಮಾಡಿ ತೋರಿಸು ಎಂದರು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂಬದಿಯಲ್ಲಿ ಗುಣಿಸಿ ತೋರಿಸಿದೆ. ಅವರಿಗೆ ಗುಣಾಕಾರ ಬರುತ್ತದೆ, ನೂಲಿನ ವ್ಯವಹಾರ ಮಾಡುವವರು. ಒಂದೊಂದು ಸಾಲನ್ನೂ ತಾವೂ ತುಟಿಯಲ್ಲೇ ಲೆಕ್ಕ ಹಾಕುತ್ತ ಬಂದರು. ಒಂದುಗಳು ಬೀಳತೊಡಗಿದಾಗ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ಮತ್ತೆ ಹಾಕಿಕೊಂಡು ಕೊನೆಯವರೆಗೂ ನೋಡಿದರು.

ಹದಿನೇಳರದ್ದು ಏನಾಯಿತು ಎಂದು ಕೇಳಿದರು. ಅರ್ಧಕ್ಕೆ ನಿಂತಿದೆ ಎಂದೆ.

"ಅದು ಹೋಗತೈತೇನು?"

"ಹೋಗತೈತ್ರಿ ಭಾವಾರ. ಬಾಳ ದೂರ ಐತ್ರಿ."

ಅವರು ತಲೆಯಾಡಿಸಿದರು. ಹಾಳೆಯನ್ನು ಒಮ್ಮೆ ತಮ್ಮ ಕಡೆ ತಿರುಗಿಸಿಕೊಂಡು, ಆಕೆ ಇದನ್ನು ನನಗೆ ಹೇಳಿದ್ದರೆ ನನಗೇನೂ ತಿಳಿಯುತ್ತಿರಲಿಲ್ಲ, ಆದರೂ ಕೇಳುತ್ತಿದ್ದೆ ಎಂದರು. ಅಷ್ಟರಲ್ಲಿ ಕರೆಂಟು ಬಂತು. ಮನೆಯ ಮುಂಭಾಗದಲ್ಲಿ ನನ್ನ ಗಂಡ ಒಂದು ಮಗ್ಗ ಶುರು ಮಾಡಿದರು, ಆಮೇಲೆ ಇನ್ನೊಂದು. ಸದ್ದಿನಲ್ಲಿ ಮಾತು ಕೇಳದಂತಾಯಿತು. ಭಾವ ಚೌಕಟ್ಟು ಹಿಡಿದು ಮೆಲ್ಲಗೆ ಎದ್ದು, ಆ ಕಡೆ ಹೋದರು.